ಸ್ಕೆಚ್ ಕೆಂಪಾದಾಗ ಎಲ್ಲಿ ಹುಡುಕಬೇಕು?

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್ ಮೇಲೆ ವಿನ್ಯಾಸ ಮಾಡುವ ಸಾಫ್ಟ್‌ವೇರ್‌ನಲ್ಲಿ, ಸ್ಕೆಚ್ ಹಾಕುತ್ತಿರುತ್ತೀರಿ. ಎಲ್ಲ ಸಲೀಸಾಗಿ ನಡೆದಿರುತ್ತದೆ. ಇನ್ನೊಂದು ಅಳತೆ ಕೊಟ್ಟರೆ ಮುಗೀತು ಅನ್ನುವಾಗ ಗೆರೆಗಳೆಲ್ಲ ಕೆಂಪಾಗುತ್ತವೆ. ಸ್ಕೆಚ್ ಓವರ್-ಕನ್‌ಸ್ಟ್ರೇಂಡ್ ಆಗಿದೆ, ಅಂದರೆ ಬೇಕಾದ್ದಕ್ಕಿಂತ ಹೆಚ್ಚು ಕಟ್ಟುಪಾಡು ಬಿದ್ದಿದೆ, ಅಂತ ಒಂದು ಸಂದೇಶ ಬರುತ್ತದೆ. ಆಗ ಹೆಚ್ಚಿನವರು ಕೊನೆಗೆ ಹಾಕಿದ್ದನ್ನು ಅಳಿಸಿಬಿಡುತ್ತಾರೆ. ಕೆಂಪು ಹೋಗುತ್ತದೆ, ನಿಜ. ಆದರೆ ನಿಮಗೆ ಬೇಕಾಗಿದ್ದ ಅಳತೆಯೂ ಅದರ ಜೊತೆಗೇ ಹೋಗುತ್ತದೆ, ಅಲ್ವಾ?

ಗೆರೆ, ಪಾಯಿಂಟ್‌ಗಳು ಹೀಗೇ ಇರಬೇಕು ಅನ್ನುವ ಕಟ್ಟುಪಾಡೇ ಕನ್‌ಸ್ಟ್ರೇಂಟ್; ಅಳತೆಯೂ ಅದರಲ್ಲಿ ಒಂದು. ಕೊನೆಗೆ ಹಾಕಿದ ಕನ್‌ಸ್ಟ್ರೇಂಟ್ ಎಷ್ಟೋ ಸಲ ಸರಿಯಾಗಿಯೇ ಇರುತ್ತದೆ. ಅದು ಹೇಳಬೇಕಾದ ಮಾತನ್ನು ಅದಕ್ಕಿಂತ ಮೊದಲು ಬಂದ ಇನ್ಯಾವುದೋ ಒಂದು, ಬೇರೆ ವೇಷದಲ್ಲಿ, ಆಗಲೇ ಹೇಳಿ ಮುಗಿಸಿರುತ್ತದೆ. ಹುಡುಕಬೇಕಾದ್ದು ಆ ಹಳೆಯದನ್ನು. ಅದಕ್ಕೆ ಪ್ರತಿ ಕನ್‌ಸ್ಟ್ರೇಂಟ್ ಬಗ್ಗೆಯೂ ಒಂದು ಪ್ರಶ್ನೆ ಕೇಳುವುದನ್ನು ರೂಢಿ ಮಾಡಿಕೊಳ್ಳಬೇಕು: ಇದುವರೆಗೆ ಅಲುಗಾಡುತ್ತಿದ್ದ ಯಾವುದನ್ನು ಇದು ಹಿಡಿದು ನಿಲ್ಲಿಸುತ್ತದೆ? ಉತ್ತರ ಸಿಗದಿದ್ದರೆ ಅದು ಬೇಡದ ಕನ್‌ಸ್ಟ್ರೇಂಟ್.

ಮೊದಲು ಎಣಿಕೆ

ಈ ಪ್ರಶ್ನೆಗೆ ಉತ್ತರ ಹೇಳಲು ಸ್ವಲ್ಪ ಲೆಕ್ಕ ಗೊತ್ತಿರಬೇಕು. ಕಷ್ಟದ ಲೆಕ್ಕ ಏನಲ್ಲ. ಕಾಗದದ ಮೇಲಿನ ಒಂದು ಪಾಯಿಂಟ್ ಎಡಕ್ಕೆ-ಬಲಕ್ಕೆ ಹೋಗಬಹುದು, ಮೇಲೆ-ಕೆಳಗೆ ಹೋಗಬಹುದು. ಅಂದರೆ ಅದಕ್ಕೆ 2 ಡಿಗ್ರಿ ಆಫ್ ಫ್ರೀಡಂ. ಗೆರೆಗೆ ಎರಡು ತುದಿ, ಹಾಗಾಗಿ 4. ವೃತ್ತಕ್ಕೆ ಕೇಂದ್ರದ್ದು 2, ತ್ರಿಜ್ಯದ್ದು 1, ಒಟ್ಟು 3. ಆರ್ಕ್‌ಗೆ, ಅಂದರೆ ವೃತ್ತದ ಒಂದು ತುಂಡಿಗೆ, ಇವುಗಳ ಜೊತೆಗೆ ಶುರುವಾಗುವ ಕೋನ, ಮುಗಿಯುವ ಕೋನ ಸೇರಿ 5.

ಕನ್‌ಸ್ಟ್ರೇಂಟ್‌ಗಳು ಈ ಫ್ರೀಡಂಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತವೆ. ಎರಡು ತುದಿಗಳನ್ನು ಕೂಡಿಸುವ ಕೋಇನ್ಸಿಡೆಂಟ್ 2 ತೆಗೆಯುತ್ತದೆ. ಹಾರಿಜಾಂಟಲ್, ವರ್ಟಿಕಲ್, ಪ್ಯಾರಲಲ್, ಪರ್ಪೆಂಡಿಕ್ಯುಲರ್, ಈಕ್ವಲ್ ಒಂದೊಂದು ತೆಗೆಯುತ್ತವೆ. ಸಾಧಾರಣವಾಗಿ ಒಂದು ಅಳತೆ ಅಂದರೆ 1. ಎರಡು ಪಾಯಿಂಟ್‌ಗಳ ನಡುವಿನ ಸಿಮೆಟ್ರಿಕ್ 2 ತೆಗೆಯುತ್ತದೆ. ಈ ಸಿಮೆಟ್ರಿಕ್ ಅನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಒಂದು ಆಯತ ತೆಗೆದುಕೊಳ್ಳೋಣ. ನಾಲ್ಕು ಗೆರೆ, 16 ಫ್ರೀಡಂ. ನಾಲ್ಕು ಮೂಲೆ ಕೂಡಿಸಿದರೆ 8 ಹೋಯಿತು. ಎರಡು ಗೆರೆ ಹಾರಿಜಾಂಟಲ್, ಎರಡು ವರ್ಟಿಕಲ್ ಮಾಡಿದರೆ ಮತ್ತೆ 4 ಹೋಯಿತು. ಉಳಿದದ್ದು 4: ಅಗಲ, ಎತ್ತರ, ಆಯತ ಎಲ್ಲಿ ಕೂರಬೇಕು ಅನ್ನುವುದಕ್ಕೆ ಎರಡು. ಒಂದು ಮೂಲೆಯನ್ನು ಒರಿಜಿನ್‌ಗೆ (ಎಕ್ಸ್, ವೈ ಅಕ್ಷಗಳು ಕೂಡುವ ಮೂಲಬಿಂದುವಿಗೆ) ಕೂಡಿಸಿ, ಅಗಲ-ಎತ್ತರ ಕೊಟ್ಟರೆ ಸೊನ್ನೆ. ಸ್ಕೆಚ್ ಪೂರ್ತಿ ಬಿಗಿಯಾಯಿತು. ಸಾಲಿಡ್‌ವರ್ಕ್ಸ್, ಫ್ರೀಕ್ಯಾಡ್ ಎರಡೂ ಕ್ಯಾಡ್ ಸಾಫ್ಟ್‌ವೇರ್‌ಗಳು. ಸಾಲಿಡ್‌ವರ್ಕ್ಸ್‌ನಲ್ಲಿ ನೀಲಿ ಗೆರೆ ಕಪ್ಪಾಗುತ್ತದೆ. ಫ್ರೀಕ್ಯಾಡ್‌ನಲ್ಲಿ ಹಸಿರಾಗುತ್ತದೆ.

ಈಗ ಇದೇ ಆಯತದ ಎದುರು-ಬದುರು ಗೆರೆಗಳಿಗೆ ಈಕ್ವಲ್ ಹಾಕಿ ನೋಡಿ. ಮೇಲಿನ ಗೆರೆಯೂ ಕೆಳಗಿನದೂ ಸಮ ಅನ್ನುವುದು ಸುಳ್ಳಲ್ಲ. ಆದರೆ ಅದು ಆಗಲೇ ಗೊತ್ತಿರುವ ವಿಷಯ. ತೆಗೆಯಲು ಫ್ರೀಡಂ ಉಳಿದಿಲ್ಲ. ಕನ್‌ಸ್ಟ್ರೇಂಟ್‌ಗಳ ಲೆಕ್ಕ ಬಿಡಿಸುವ ಸಾಫ್ಟ್‌ವೇರ್‌ನ ಭಾಗವೇ ಸಾಲ್ವರ್. ಅದು ಇದನ್ನು ರಿಡಂಡೆಂಟ್ ಅನ್ನುತ್ತದೆ.

ಹೆಚ್ಚಾದದ್ದು ಬೇರೆ, ಹೊಂದದ್ದು ಬೇರೆ

ಎರರ್ ಎಲ್ಲ ಒಂದೇ ಜಾತಿಯದಲ್ಲ. ಅದನ್ನು ಬಿಡಿಸುವ ಮೊದಲು ಯಾವ ಜಾತಿಯದು ಅಂತ ನೋಡಬೇಕು. ರಿಡಂಡೆಂಟ್ ಅಂದರೆ ಹೇಳಿದ್ದನ್ನೇ ಮತ್ತೆ ಹೇಳಿದ್ದೀರಿ, ಎರಡೂ ಮಾತು ತಾಳೆಯಾಗುತ್ತವೆ. ಕಾನ್ಫ್ಲಿಕ್ಟ್ ಅಂದರೆ ಎರಡು ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಒಂದು ಪಟ್ಟಿಯ ಉದ್ದಕ್ಕೆ 20, 30, 50 ಅಂತ ಸಾಲಾಗಿ ಮೂರು ಅಳತೆ ಕೊಟ್ಟಿದ್ದೀರಿ ಅಂದುಕೊಳ್ಳಿ. ಒಟ್ಟು ಉದ್ದ 100 ಅಂತ ಇನ್ನೊಂದು ಕೊಟ್ಟರೆ ಅದು ರಿಡಂಡೆಂಟ್. 99 ಅಂತ ಕೊಟ್ಟರೆ ಕಾನ್ಫ್ಲಿಕ್ಟ್. 100 ಅಂತ ಕೊಟ್ಟು ಸುಮ್ನೆ ಬಿಟ್ಟರೆ ತೊಂದರೆ ಏನು ಅನ್ನಿಸಬಹುದು. ಇವತ್ತು ತೊಂದರೆ ಇಲ್ಲ. ಮುಂದೆ ಯಾರೋ 30 ಅನ್ನು 35 ಮಾಡುತ್ತಾರೆ. ಆಗ ಒಟ್ಟು 105 ಆಗಬೇಕು, 100 ಅಂತ ಬೇರೆ ಹೇಳಿಟ್ಟಿದ್ದೀರಿ. ಸ್ಕೆಚ್ ಅಲ್ಲೇ ಕೆಂಪಾಗುತ್ತದೆ. ಆ ಅಳತೆ ಬದಲಿಸಿದವರಿಗೆ ಕಾರಣ ಹೊಳೆಯುವುದೂ ಇಲ್ಲ, ಏಕೆಂದರೆ ಅವರು ಮುಟ್ಟಿದ್ದು 30 ಅನ್ನು ಮಾತ್ರ.

ಒಟ್ಟು ಉದ್ದವನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳಬೇಕು ಅಂತಿದ್ದರೆ ಅದನ್ನು ಡ್ರಿವನ್ ಅಥವಾ ರೆಫರೆನ್ಸ್ ಅಳತೆ ಮಾಡಿ. ಆಗ ಅದು ಅಳೆದು ತೋರಿಸುತ್ತದೆ, ಯಾವುದನ್ನೂ ಹಿಡಿದು ನಿಲ್ಲಿಸುವುದಿಲ್ಲ. ಹಲವು ಸಾಫ್ಟ್‌ವೇರ್‌ಗಳು ಅಂಥ ಅಳತೆಯನ್ನು ಆವರಣದೊಳಗೆ ಹಾಕಿ ತೋರಿಸುತ್ತವೆ. ಎಷ್ಟೋ ಸಲ ಎರರ್ ಬಂದಾಗ ಸಾಫ್ಟ್‌ವೇರೇ 'ಇದನ್ನು ಡ್ರಿವನ್ ಮಾಡಲೇ?' ಅಂತ ಕೇಳುತ್ತದೆ. ಕೇಳಿದ ಕೂಡಲೇ ಹೂಂ ಅನ್ನಬೇಡಿ. ನಾಲ್ಕರಲ್ಲಿ ಯಾವುದು ಉಳಿದ ಮೂರರಿಂದ ಬರಬೇಕು ಅನ್ನುವುದು ವಿನ್ಯಾಸದ ಪ್ರಶ್ನೆ. ಒಟ್ಟು ಉದ್ದವೇ ಮುಖ್ಯವಾಗಿದ್ದರೆ 100 ಅನ್ನು ಉಳಿಸಿ, ಮಧ್ಯದ 30 ಅನ್ನು ಡ್ರಿವನ್ ಮಾಡಬೇಕು. ಸಾಫ್ಟ್‌ವೇರ್‌ಗೆ ಅದು ಗೊತ್ತಾಗುವುದಿಲ್ಲ. ಕೊನೆಗೆ ಬಂದದ್ದನ್ನು ಅದು ಡ್ರಿವನ್ ಮಾಡುತ್ತದೆ, ಅಷ್ಟೆ.

ಇದೇ ಸಾಲಿನಲ್ಲಿ ಒಂದು ಸಣ್ಣ ಬಲೆ ಇದೆ. 100 ಅನ್ನು ಮೂರು ಸಮಭಾಗ ಮಾಡಬೇಕು. ಮೂರಕ್ಕೂ 33.33 ಅಂತ ಟೈಪ್ ಮಾಡಿ, ಒಟ್ಟು 100 ಅಂತಲೂ ಕೊಡುತ್ತಾರೆ. ಕೂಡಿಸಿದರೆ 99.99. ಸಾಲ್ವರ್‌ಗೆ ಇದು ಚಿಲ್ಲರೆ ವ್ಯತ್ಯಾಸ ಅಲ್ಲ, ಶುದ್ಧ ಕಾನ್ಫ್ಲಿಕ್ಟ್. ಮೂರು ಭಾಗಕ್ಕೂ ಈಕ್ವಲ್ ಹಾಕಿ, ಒಟ್ಟು 100 ಒಂದನ್ನೇ ಕೊಟ್ಟರೆ ಯಾವ ಗಲಾಟೆಯೂ ಇಲ್ಲ. ನನ್ನ ಕೇಳಿದರೆ ದಶಮಾಂಶ ಟೈಪ್ ಮಾಡುವ ಕಡೆಯಲ್ಲೆಲ್ಲ ಒಂದು ಕ್ಷಣ ನಿಂತು, ಇಲ್ಲಿ ಈಕ್ವಲ್ ಅಥವಾ ಒಂದು ಸೂತ್ರ ಆಗುತ್ತದೆಯೇ ಅಂತ ನೋಡಬೇಕು.

ಬಚ್ಚಿಟ್ಟುಕೊಂಡ ರಿಡಂಡೆಂಟ್‌ಗಳು

ಅಳತೆಗಳದ್ದಾದರೆ ಕೂಡಿಸಿ ಕಳೆದು ಕಂಡುಹಿಡಿಯಬಹುದು. ಜ್ಯಾಮಿತಿಯದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸಮಯ ಜಾಸ್ತಿ ತಿನ್ನುವುದೂ ಇದೇ.

ಅದೇ ಆಯತಕ್ಕೆ ಬನ್ನಿ. ಈ ಸಲ ಮೂಲೆಯನ್ನಲ್ಲ, ಆಯತದ ನಡುವನ್ನು ಒರಿಜಿನ್ ಮೇಲೆ ಕೂರಿಸಬೇಕು. ಆಯತದ ಟೂಲ್‌ನಿಂದ ಹಾಕಿದ್ದರಿಂದ ಎರಡು ಹಾರಿಜಾಂಟಲ್, ಎರಡು ವರ್ಟಿಕಲ್ ತಾವಾಗಿಯೇ ಬಂದಿವೆ. ಈಗ ಮೇಲಿನ ಎರಡು ಮೂಲೆ ಆರಿಸಿ, ವೈ ಅಕ್ಷಕ್ಕೆ ಸಿಮೆಟ್ರಿಕ್ ಕೊಡುತ್ತೀರಿ. ನೋಡಲು ತೀರಾ ಸಹಜವಾದ ಕೆಲಸ. ಆದರೂ ಫ್ರೀಕ್ಯಾಡ್ ತಕರಾರು ಎತ್ತುತ್ತದೆ.

ಯಾಕೆ? ಸಿಮೆಟ್ರಿಕ್ 2 ಫ್ರೀಡಂ ತೆಗೆಯುತ್ತದೆ ಅಂದೆವಲ್ಲ. ಇಲ್ಲಿ ಅದು ಎರಡು ಮಾತು ಹೇಳುತ್ತಿದೆ. ಎರಡು ಮೂಲೆಗಳೂ ವೈ ಅಕ್ಷದಿಂದ ಅಷ್ಟಷ್ಟೇ ದೂರದಲ್ಲಿ, ಒಂದು ಈಚೆ ಒಂದು ಆಚೆ ಇರಬೇಕು ಅನ್ನುವುದು ಒಂದು. ಎರಡೂ ಒಂದೇ ಎತ್ತರದಲ್ಲಿ ಇರಬೇಕು ಅನ್ನುವುದು ಇನ್ನೊಂದು. ಈ ಎರಡನೆಯ ಮಾತನ್ನು ಮೇಲಿನ ಗೆರೆಯ ಹಾರಿಜಾಂಟಲ್ ಆಗಲೇ ಹೇಳಿದೆ. ಅರ್ಧ ಹೊಸದು, ಅರ್ಧ ಹಳೆಯದು. ಫ್ರೀಕ್ಯಾಡ್‌ನಲ್ಲಿ ಕಾಣುವ 'ಪಾರ್ಶಿಯಲಿ ರಿಡಂಡೆಂಟ್' ಅನ್ನುವ ಸಂದೇಶದ ಅರ್ಥ ಇಂಥದ್ದೇ.

ಇಲ್ಲಿ ಸಿಮೆಟ್ರಿಕ್ ಅಳಿಸಿದರೆ ಕೆಲಸ ಕೆಟ್ಟಿತು. ಅಳಿಸಬೇಕಾದ್ದು ಮೇಲಿನ ಗೆರೆಯ ಹಾರಿಜಾಂಟಲ್. ಅದು ಹೋದರೂ ಗೆರೆ ಅಡ್ಡಡ್ಡಲಾಗಿಯೇ ಇರುತ್ತದೆ, ಸಿಮೆಟ್ರಿಕ್ ಅದನ್ನು ನೋಡಿಕೊಳ್ಳುತ್ತದೆ. ಇನ್ನೂ ನೇರವಾದ ದಾರಿ ಬೇಕಿದ್ದರೆ ಎದುರು-ಬದುರಿನ ಎರಡು ಮೂಲೆಗಳನ್ನು, ಅಂದರೆ ಕರ್ಣದ ಎರಡು ತುದಿಗಳನ್ನು, ಒರಿಜಿನ್ ಪಾಯಿಂಟ್‌ಗೇ ಸಿಮೆಟ್ರಿಕ್ ಮಾಡಿ. ಆಯತಕ್ಕೆ ಉಳಿದಿದ್ದ ಸ್ಥಾನದ 2 ಫ್ರೀಡಂ ಸರಿಯಾಗಿ ಅದರಲ್ಲೇ ಮುಗಿಯುತ್ತದೆ. ಯಾವ ಹಾರಿಜಾಂಟಲ್ಲನ್ನೂ ಮುಟ್ಟಬೇಕಾಗಿಲ್ಲ.

ಇನ್ನೊಂದು, ಸ್ಲಾಟ್. ಎರಡು ಅರೆವೃತ್ತ, ಅವನ್ನು ಕೂಡಿಸುವ ಎರಡು ಗೆರೆ. ಟೂಲ್ ಬಳಸದೆ ಕೈಯಲ್ಲೇ ಕಟ್ಟೋಣ. ಎರಡು ಆರ್ಕ್‌ಗೆ 10, ಎರಡು ಗೆರೆಗೆ 8, ಒಟ್ಟು 18. ನಾಲ್ಕು ಕಡೆ ತುದಿ ಕೂಡಿಸಿ ಟ್ಯಾಂಜೆಂಟ್ ಮಾಡಿದರೆ (ಗೆರೆ ಆರ್ಕ್‌ಗೆ ಮೂಲೆ ಬರದಂತೆ ನಯವಾಗಿ ಸೇರುವಂತೆ ಮಾಡಿದರೆ) ಪ್ರತಿ ಕಡೆ 3 ಹೋಗುತ್ತದೆ. ಉಳಿದದ್ದು 6: ಸ್ಥಾನಕ್ಕೆ ಎರಡು, ತಿರುಗುವುದಕ್ಕೆ ಒಂದು, ಕೇಂದ್ರಗಳ ನಡುವಿನ ದೂರ ಒಂದು, ಎರಡು ಬೇರೆ ಬೇರೆ ತ್ರಿಜ್ಯ. ತ್ರಿಜ್ಯ ಸಮ ಅಂತ ಈಕ್ವಲ್ ಹಾಕಿದರೆ 5. ಮೇಲಿನ ಗೆರೆ ಹಾರಿಜಾಂಟಲ್ ಮಾಡಿದರೆ 4. ಕೆಳಗಿನ ಗೆರೆಯನ್ನೂ ಹಾರಿಜಾಂಟಲ್ ಮಾಡಿದರೆ? ಎರರ್.

ಇಲ್ಲಿ ಹಾರಿಜಾಂಟಲ್‌ಗೆ ಅಡ್ಡ ಬಂದದ್ದು ಇನ್ನೊಂದು ಹಾರಿಜಾಂಟಲ್ ಅಲ್ಲ, ಈಕ್ವಲ್. ತ್ರಿಜ್ಯಗಳು ಸಮವಾದ ಮೇಲೆ ಎರಡು ಟ್ಯಾಂಜೆಂಟ್ ಗೆರೆಗಳು ಸಮಾಂತರ ಆಗಲೇಬೇಕು. ಒಂದು ಅಡ್ಡಲಾದರೆ ಇನ್ನೊಂದೂ ಅಡ್ಡಲಾಯಿತು. ಬೇಕಿದ್ದರೆ ಉಲ್ಟಾ ಮಾಡಿ ನೋಡಿ: ಈಕ್ವಲ್ ತೆಗೆದು ಎರಡು ಗೆರೆಗೂ ಹಾರಿಜಾಂಟಲ್ ಕೊಡಿ. ತ್ರಿಜ್ಯಗಳು ತಾವೇ ಸಮವಾಗುತ್ತವೆ. ಆಗ ಈಕ್ವಲ್ ಹಾಕಲು ಹೋದರೆ ಅದಕ್ಕೇ ಎರರ್ ಬರುತ್ತದೆ. ಮೂರರಲ್ಲಿ ಯಾವ ಎರಡಾದರೂ ಸಾಕು. ಮೂರನೆಯದು ಯಾವುದಾದರೂ ತಪ್ಪಿತಸ್ಥನ ಹಾಗೆ ಕಾಣುತ್ತದೆ.

ಇಂಥವು ಇನ್ನೂ ಇವೆ. ಚತುರ್ಭುಜದ ಮೂರು ಮೂಲೆ ಲಂಬಕೋನ ಆದರೆ ನಾಲ್ಕನೆಯದು ತಾನಾಗಿಯೇ ಆಗುತ್ತದೆ. ತ್ರಿಕೋನದ ಎರಡು ಕೋನ 60 ಡಿಗ್ರಿ ಅಂದ ಮೇಲೆ ಮೂರನೆಯದಕ್ಕೆ 60 ಹಾಕುವ ಹಾಗಿಲ್ಲ. ಬದಿಗಳು 30, 40, 50 ಅಂತ ಕೊಟ್ಟು ಮೇಲೆ ಪರ್ಪೆಂಡಿಕ್ಯುಲರ್ ಹಾಕಿದರೂ ಅದೇ ಕತೆ. ಎಲ್ಲದರಲ್ಲೂ ಶಾಲೆಯಲ್ಲಿ ಕಲಿತ ಒಂದು ಪ್ರಮೇಯ ಒಳಗೆ ಅಡಗಿರುತ್ತದೆ.

ಒಂದು ವಿಷಯ ಹೇಳಬೇಕು. ಎಲ್ಲ ಸಾಫ್ಟ್‌ವೇರ್‌ಗಳೂ ಇದನ್ನು ಒಂದೇ ಥರ ನೋಡುವುದಿಲ್ಲ. ತಾಳೆಯಾಗುವ ಜ್ಯಾಮಿತಿಯ ರಿಡಂಡೆಂಟ್‌ಗಳನ್ನು ಕೆಲವು ಸುಮ್ಮನೆ ಒಪ್ಪಿಕೊಳ್ಳುತ್ತವೆ, ಅಳತೆ ಹೆಚ್ಚಾದಾಗ ಮಾತ್ರ ತಡೆಯುತ್ತವೆ. ಫ್ರೀಕ್ಯಾಡ್ ಎಲ್ಲದಕ್ಕೂ ತಕರಾರು ಮಾಡುತ್ತದೆ. ಹಾಗಾಗಿ ಒಂದರಲ್ಲಿ ಪಳಗಿದವರಿಗೆ ಇನ್ನೊಂದಕ್ಕೆ ಬಂದಾಗ 'ಅಲ್ಲಿ ನಡೆಯುತ್ತಿತ್ತು, ಇಲ್ಲಿ ಯಾಕೆ ಇಲ್ಲ' ಅನ್ನಿಸುತ್ತದೆ. ಆ ಕಟ್ಟುನಿಟ್ಟು ಮೊದಮೊದಲು ಕಿರಿಕಿರಿ ಮಾಡಿದರೂ ಕಲಿಯುವವರಿಗೆ ಒಳ್ಳೆಯದೇ ಅಂತ ನನ್ನ ಎಣಿಕೆ.

ಲೆಕ್ಕ ಸರಿ, ಆದರೂ ಆಗಲ್ಲ

ಕೆಲವು ಸಲ ಫ್ರೀಡಂ ಲೆಕ್ಕ ಚೊಕ್ಕವಾಗಿರುತ್ತದೆ. ಯಾವುದೂ ಎರಡು ಸಲ ಬಂದಿರುವುದಿಲ್ಲ. ಆದರೂ ಸಾಲ್ವರ್ ಕೈಚೆಲ್ಲುತ್ತದೆ. ತ್ರಿಕೋನಕ್ಕೆ 30, 40, 100 ಅಂತ ಮೂರು ಬದಿ ಕೊಟ್ಟರೆ ಎಣಿಕೆ ಸರಿಯೇ. ಆದರೆ ಅಂಥ ತ್ರಿಕೋನ ಇಲ್ಲ. 30 ಮತ್ತು 40 ಸೇರಿದರೂ 100 ಮುಟ್ಟುವುದಿಲ್ಲ. ಅಳತೆ ತಪ್ಪಾಗಿ ಒಂದು ಸೊನ್ನೆ ಹೆಚ್ಚು ಟೈಪ್ ಆದಾಗ ಹೀಗಾಗುತ್ತದೆ. ಇಲ್ಲಿ ಕನ್‌ಸ್ಟ್ರೇಂಟ್ ಅಳಿಸುವುದಲ್ಲ, ಅಂಕಿ ನೋಡಬೇಕು.

ಇನ್ನು ಕೆಲವು ಕಡೆ ಉತ್ತರ ಇರುತ್ತದೆ, ಸಾಲ್ವರ್‌ಗೆ ಅಲ್ಲಿಗೆ ಹೋಗಲು ಆಗುವುದಿಲ್ಲ. ಇದು ಅರ್ಥವಾಗಬೇಕಾದರೆ ಸಾಲ್ವರ್ ಕೆಲಸ ಮಾಡುವ ರೀತಿ ಸ್ವಲ್ಪ ತಿಳಿದಿರಬೇಕು. ಪ್ರತಿ ಕನ್‌ಸ್ಟ್ರೇಂಟ್ ಒಂದೋ ಎರಡೋ ಸಮೀಕರಣ. ಅವನ್ನೆಲ್ಲ ಒಟ್ಟಿಗೆ ಬಿಡಿಸುವ ಯೋಚನೆ ಹಳೆಯದು. 1963ರಲ್ಲಿ ಇವಾನ್ ಸದರ್ಲೆಂಡ್ ಎಂಐಟಿಯಲ್ಲಿ ಮಾಡಿದ ಸ್ಕೆಚ್‌ಪ್ಯಾಡ್‌ನಲ್ಲೇ, ಲೈಟ್ ಪೆನ್ನಿನಿಂದ ಎಳೆದ ಗೆರೆಗಳಿಗೆ ಕನ್‌ಸ್ಟ್ರೇಂಟ್ ಹಾಕಬಹುದಿತ್ತು. ಈಗಿನ ಹಲವು ಸಾಲ್ವರ್‌ಗಳು ನೀವು ಎಳೆದ ಆಕಾರದಿಂದಲೇ ಹೊರಟು, ಪಾಯಿಂಟ್‌ಗಳನ್ನು ಚೂರುಚೂರೇ ಸರಿಸುತ್ತಾ, ಎಲ್ಲ ಸಮೀಕರಣ ಒಪ್ಪುವ ಕಡೆಗೆ ಹೋಗುತ್ತವೆ. ಸಾಲ್ವ್‌ಸ್ಪೇಸ್ ಅನ್ನುವ ಕ್ಯಾಡ್ ಸಾಫ್ಟ್‌ವೇರ್ ಇದಕ್ಕೆ ನ್ಯೂಟನ್ ವಿಧಾನದ ಒಂದು ರೂಪ ಬಳಸುತ್ತದೆ. ಫ್ರೀಕ್ಯಾಡ್‌ನಲ್ಲಿ ಡಾಗ್‌ಲೆಗ್, ಲೆವೆನ್‌ಬರ್ಗ್-ಮಾರ್ಕ್ವಾರ್ಟ್ ಮುಂತಾದ ವಿಧಾನಗಳ ಆಯ್ಕೆಗಳಿವೆ.

ಹೊರಟ ಜಾಗ ಮುಖ್ಯ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಪಾದ (ಕೆಳಗಿನ ಬದಿ) 50, ಇನ್ನೆರಡು ಬದಿ 40-40 ಇರುವ ತ್ರಿಕೋನದ ತುದಿ ಪಾದಕ್ಕಿಂತ 31.2 ಮೇಲಿರಬಹುದು, 31.2 ಕೆಳಗೂ ಇರಬಹುದು. ಎರಡೂ ಸರಿಯಾದ ಉತ್ತರವೇ. ನೀವು ಮೇಲೆ ಎಳೆದಿದ್ದರಿಂದ ಸಾಲ್ವರ್ ಮೇಲಿನದನ್ನು ಹಿಡಿದಿದೆ. ಈಗ ಪಾದವನ್ನು 79 ಮಾಡಿ. ತುದಿ ಬರೀ 6.3 ಎತ್ತರಕ್ಕೆ ಇಳಿಯಿತು. 81 ಮಾಡಿದರೆ ಎರರ್. ಮತ್ತೆ 50ಕ್ಕೆ ತಂದರೆ ತುದಿ ಕೆಳಗೆ ಮಗುಚಿಕೊಂಡಿರಬಹುದು. ಯಾವ ಕನ್‌ಸ್ಟ್ರೇಂಟೂ ಮುರಿದಿಲ್ಲ. ತುದಿ ಮೇಲೇ ಇರಬೇಕು ಅಂತ ನೀವು ಎಲ್ಲೂ ಹೇಳಿರಲಿಲ್ಲ, ಅಷ್ಟೇ.

ಇದಕ್ಕೆ ಮದ್ದು ಸರಳ. ಮೊದಲೇ ಹೆಚ್ಚುಕಡಿಮೆ ನಿಜವಾದ ಅಳತೆಗೆ ಹತ್ತಿರ ಎಳೆಯಿರಿ. 5 ಮಿಲಿಮೀಟರ್ ಭಾಗವನ್ನು 500ರಷ್ಟು ದೊಡ್ಡದಾಗಿ ಎಳೆದು ಆಮೇಲೆ ಅಳತೆ ಕೊಟ್ಟರೆ, ಮೊದಲ ಅಳತೆಗೇ ಉಳಿದದ್ದೆಲ್ಲ ಗೋಜಲಾಗುತ್ತದೆ. ದೊಡ್ಡ ಬದಲಾವಣೆ ಬೇಕಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿ. ಮಗುಚಬಾರದ ಕಡೆ ಬದಿಯ ಅಳತೆಯ ಬದಲು ಕೋನ ಕೊಡಿ.

ಟ್ಯಾಂಜೆಂಟ್‌ನದು ಇನ್ನೂ ಸೂಕ್ಷ್ಮ. ಗೆರೆಯ ತುದಿಯೂ ಆರ್ಕ್‌ನ ತುದಿಯೂ ಕೂಡಿವೆ. ಈಗ ಗೆರೆಯನ್ನೂ ಆರ್ಕನ್ನೂ ಆರಿಸಿ ಟ್ಯಾಂಜೆಂಟ್ ಕೊಡುತ್ತೀರಿ. ಇದನ್ನು ಸಮೀಕರಣವಾಗಿ ಬರೆಯುವ ಒಂದು ಬಗೆ: ಕೇಂದ್ರದಿಂದ ಗೆರೆಗೆ ಇರುವ ದೂರ ತ್ರಿಜ್ಯಕ್ಕೆ ಸಮ. ಗಣಿತವಾಗಿ ಸರಿಯೇ. ತ್ರಿಜ್ಯ 50 ಅಂದುಕೊಳ್ಳಿ. ಕೂಡಿದ ಪಾಯಿಂಟನ್ನು ಹಿಡಿದುಕೊಂಡು ಗೆರೆಯನ್ನು 1 ಡಿಗ್ರಿ ಓರೆ ಮಾಡಿದರೆ ಆ ದೂರ 50ರಿಂದ 49.992ಕ್ಕೆ ಇಳಿಯುತ್ತದೆ. ಬದಲಾವಣೆ 0.008 ಮಾತ್ರ. ಅದೇ ಹೊತ್ತಿಗೆ 100 ಉದ್ದದ ಗೆರೆಯ ಇನ್ನೊಂದು ತುದಿ 1.7ಕ್ಕಿಂತ ಹೆಚ್ಚು ಸರಿದಿರುತ್ತದೆ. ಓರೆ ಇನ್ನೂ ಕಡಿಮೆಯಾದರೆ ದೂರದ ಬದಲಾವಣೆ ಸೊನ್ನೆಯೇ ಅನ್ನುವಷ್ಟು. ಚೂರು ಸರಿಸಿ ಏನಾಗುತ್ತದೆ ಅಂತ ನೋಡುವ ಸಾಲ್ವರ್‌ಗೆ, ಈ ಕನ್‌ಸ್ಟ್ರೇಂಟ್ ಏನನ್ನೂ ಹಿಡಿಯುತ್ತಿಲ್ಲ ಅಂತ ಕಾಣುತ್ತದೆ. ರಿಡಂಡೆಂಟ್ ಅಂತ ಹೇಳಿಬಿಡುತ್ತದೆ. ಸ್ಕೆಚ್ ನೋಡಿದರೆ ಗೆರೆಗೆ ಆ ಟ್ಯಾಂಜೆಂಟ್ ಬಿಟ್ಟು ಬೇರೆ ಹಿಡಿತವೇ ಇಲ್ಲ!

ಅದಕ್ಕೇ ಫ್ರೀಕ್ಯಾಡ್‌ನಲ್ಲಿ ತುದಿಯಿಂದ ತುದಿಗೆ ಟ್ಯಾಂಜೆಂಟ್ ಅಂತ ಬೇರೆ ಇದೆ. ಗೆರೆಗಳನ್ನಲ್ಲ, ಎರಡು ತುದಿಗಳನ್ನು ಆರಿಸಿ ಟ್ಯಾಂಜೆಂಟ್ ಕೊಟ್ಟರೆ ಅದು ಕೂಡಿಸುವ ಕೆಲಸವನ್ನೂ ಮಾಡುತ್ತದೆ, ಕೋನವನ್ನೂ ಹಿಡಿಯುತ್ತದೆ. ಬೇರೆ ಕೋಇನ್ಸಿಡೆಂಟ್ ಬೇಡ. ಸ್ಲಾಟ್‌ನಲ್ಲಿ 'ಪ್ರತಿ ಕಡೆ 3' ಅಂದದ್ದು ಇದನ್ನೇ. ಹಳೆಯ ಸ್ಕೆಚ್‌ಗಳಲ್ಲಿ ಟ್ಯಾಂಜೆಂಟ್ ಇರುವ ಕಡೆಯೇ ಎರರ್ ಬರುತ್ತಿದ್ದರೆ ಕೋಇನ್ಸಿಡೆಂಟ್ ಮತ್ತು ಟ್ಯಾಂಜೆಂಟ್ ಎರಡನ್ನೂ ತೆಗೆದು, ತುದಿಗಳಿಂದ ಮತ್ತೆ ಹಾಕಿ ನೋಡಿ.

ಹಿಡಿಯುವುದು ಹೇಗೆ

ಎರರ್ ಬಂದ ಕೂಡಲೇ ಅನ್‌ಡೂ ಒತ್ತಿ. ಸ್ಕೆಚ್ ಆರೋಗ್ಯವಾಗಿದ್ದ ಸ್ಥಿತಿಗೆ ಬಂತು. ಈಗ ನೀವು ಹಾಕಲು ಹೊರಟಿದ್ದ ಕನ್‌ಸ್ಟ್ರೇಂಟ್ ಹಿಡಿಯಬೇಕಾಗಿದ್ದ ಪಾಯಿಂಟನ್ನು ಮೌಸ್‌ನಿಂದ ಎಳೆದು ನೋಡಿ. ಅಲುಗಾಡದಿದ್ದರೆ ಅದನ್ನು ಆಗಲೇ ಯಾವುದೋ ಹಿಡಿದಿದೆ. ಬೇರೆ ಸಂದೇಶ, ಬಣ್ಣ, ಪಟ್ಟಿ ಎಲ್ಲಕ್ಕಿಂತ ಈ ಎಳೆದು ನೋಡುವುದೇ ಜಾಸ್ತಿ ಹೇಳುತ್ತದೆ.

ಆಮೇಲೆ ಆ ಗೆರೆಯ ಮೇಲೆ, ಅದರ ಪಕ್ಕದವುಗಳ ಮೇಲೆ ಏನೇನು ಇದೆ ನೋಡಿ. ನೀವು ಹಾಕದೆ ಇರುವವು ಅಲ್ಲಿ ಕಾಣುತ್ತವೆ. ಗೆರೆ ಎಳೆಯುವಾಗ ಸಾಫ್ಟ್‌ವೇರ್ ತಾನೇ ಊಹಿಸಿ ಅಂಟಿಸಿದ ಹಾರಿಜಾಂಟಲ್, ಪ್ಯಾರಲಲ್, ಮಿಡ್‌ಪಾಯಿಂಟ್‌ಗಳು ಅವು. ಕರ್ಸರ್ ದಾರಿಯಲ್ಲಿ ಯಾವುದೋ ಪಾಯಿಂಟ್ ಹತ್ತಿರ ಹಾದುಹೋಗಿರುತ್ತದೆ, ಅಷ್ಟಕ್ಕೇ ಒಂದು ಕನ್‌ಸ್ಟ್ರೇಂಟ್ ಹುಟ್ಟಿರುತ್ತದೆ. ಅನುಮಾನಿಸಬೇಕಾದ್ದು ಮೊದಲು ಇವನ್ನೇ. ಗೆರೆಗಳು ಒತ್ತೊತ್ತಾಗಿರುವ ಜಾಗದಲ್ಲಿ ಎಳೆಯುವಾಗ ಈ ಊಹೆಯನ್ನು ತಡೆಹಿಡಿಯಬಹುದು. ಹಲವು ಸಾಫ್ಟ್‌ವೇರ್‌ಗಳಲ್ಲಿ ಅದಕ್ಕೆ ಕಂಟ್ರೋಲ್ ಕೀ ಒತ್ತಿಹಿಡಿಯಬೇಕು, ಆನ್‌ಶೇಪ್‌ನಲ್ಲಿ ಶಿಫ್ಟ್.

ಸಾಫ್ಟ್‌ವೇರ್‌ಗಳೂ ಸ್ವಲ್ಪ ಸಹಾಯ ಮಾಡುತ್ತವೆ. ಫ್ರೀಕ್ಯಾಡ್‌ನಲ್ಲಿ ಎರರ್ ಸಂದೇಶದ ಮೇಲೆ ಕ್ಲಿಕ್ ಮಾಡಿದರೆ ಜಗಳದಲ್ಲಿರುವ ಕನ್‌ಸ್ಟ್ರೇಂಟ್‌ಗಳು ಆಯ್ಕೆಯಾಗುತ್ತವೆ. ಸಾಲಿಡ್‌ವರ್ಕ್ಸ್‌ನ ಸ್ಕೆಚ್‌ಎಕ್ಸ್‌ಪರ್ಟ್ ಪರಿಹಾರಗಳನ್ನು ಒಂದೊಂದಾಗಿ ತೋರಿಸುತ್ತದೆ. ಅವು ಕೊಡುವುದು ಶಂಕಿತರ ಪಟ್ಟಿ. ಸ್ಲಾಟ್‌ನಲ್ಲಿ ನೋಡಿದ ಹಾಗೆ ಮೂರರಲ್ಲಿ ಯಾವುದನ್ನು ತೆಗೆದರೂ ಎರರ್ ಹೋಗುತ್ತದೆ. ಯಾವುದು ಉಳಿದರೆ ನಾಳೆ ಅಳತೆ ಬದಲಿಸುವವರಿಗೆ ಅರ್ಥವಾಗುತ್ತದೆ ಅನ್ನುವುದನ್ನು ನೀವೇ ನಿರ್ಧರಿಸಬೇಕು. ನಾನಾದರೆ ಸ್ಲಾಟ್‌ನಲ್ಲಿ ಈಕ್ವಲ್ ಉಳಿಸುತ್ತೇನೆ, ಸ್ಲಾಟ್ ಅಂದರೆ ಎರಡೂ ತುದಿ ಸಮ ಅನ್ನುವುದು ಅದರಲ್ಲಿ ಕಣ್ಣಿಗೆ ಕಾಣುತ್ತದೆ.

ಸ್ಕೆಚ್ ತೀರಾ ದೊಡ್ಡದಾಗಿ, ಪಟ್ಟಿಯೂ ಉದ್ದವಾಗಿದ್ದರೆ ಅರ್ಧ ಅರ್ಧ ಮಾಡಿ ಹುಡುಕಿ. ಅರ್ಧದಷ್ಟು ಅಳತೆಗಳನ್ನು ರೆಫರೆನ್ಸ್ ಮಾಡಿ. ಎರರ್ ಹೋದರೆ ತೊಂದರೆಯಲ್ಲಿ ಆ ಅರ್ಧದ ಕೈವಾಡ ಇದೆ. ಹೋಗದಿದ್ದರೆ ಇನ್ನೊಂದು ಅರ್ಧದಲ್ಲಿ, ಅಥವಾ ಜ್ಯಾಮಿತಿಯಲ್ಲೇ ಇದೆ. ಅಳತೆ ಅಳಿಸಿಹೋಗದೆ ಅಲ್ಲೇ ಉಳಿಯುವುದರಿಂದ ಮತ್ತೆ ವಾಪಸ್ ತರುವುದು ಸುಲಭ.

ಫಿಕ್ಸ್ ಅಥವಾ ಲಾಕ್ ಹಾಕಿ ಎಲ್ಲವನ್ನೂ ಕಪ್ಪೋ ಹಸಿರೋ ಮಾಡಿ ಮುಗಿಸುವ ಚಟ ಕೆಲವರಿಗೆ ಇದೆ. ಬಣ್ಣ ಬರುತ್ತದೆ. ಆದರೆ ಒಂದು ಅಳತೆ ಬದಲಿಸಿದ ಕ್ಷಣ ಆ ಲಾಕ್‌ಗಳೆಲ್ಲ ಕಾನ್ಫ್ಲಿಕ್ಟ್ ಆಗಿ ಎದ್ದು ಕೂರುತ್ತವೆ.

ಒಂದು ಫ್ರೀಡಂ ಉಳಿದಿದೆ, ಸಿಗುತ್ತಿಲ್ಲ

ಎದುರು ತುದಿಯ ತೊಂದರೆ ಇದು. ಎಲ್ಲ ಬಿಗಿಯಾಗಿದೆ ಅನ್ನಿಸುತ್ತದೆ, ಸಾಫ್ಟ್‌ವೇರ್ ಇನ್ನೂ 1 ಇದೆ ಅನ್ನುತ್ತದೆ. ಎಷ್ಟೋ ಸಲ ಅದು ಕನ್‌ಸ್ಟ್ರಕ್ಷನ್ ಗೆರೆಯ (ಆಕಾರದ ಭಾಗವಲ್ಲದ, ಬರೀ ಆಧಾರಕ್ಕೆ ಎಳೆದ ಗೆರೆಯ) ತುದಿ. ಸೆಂಟರ್ ಲೈನ್ ದಿಕ್ಕು ಸರಿಯಾಗಿದೆ, ಆದರೆ ಅದು ಎಲ್ಲಿಗೆ ಮುಗಿಯಬೇಕು ಅಂತ ಯಾರೂ ಹೇಳಿಲ್ಲ. ಇಲ್ಲದಿದ್ದರೆ ಆರ್ಕ್‌ನ ಒಂದು ತುದಿ. ಫ್ರೀಕ್ಯಾಡ್‌ನಲ್ಲಿ ಉಳಿದ ಫ್ರೀಡಂ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿದರೆ ಸಡಿಲವಾಗಿರುವ ಭಾಗ ಆಯ್ಕೆಯಾಗುತ್ತದೆ.

ಎರಡು ತುದಿ ಕೂಡಿದ ಹಾಗೆ ಕಂಡು, ಕೂಡಿರದೆ ಇರುವುದೂ ಮಾಮೂಲು. ಜೂಮ್ ಮಾಡಿದರೂ ಗೊತ್ತಾಗದಷ್ಟು ಸಣ್ಣ ಬಿರುಕು. ಎಕ್ಸ್‌ಟ್ರೂಡ್ ಮಾಡಲು, ಅಂದರೆ ಸ್ಕೆಚ್ಚನ್ನು ಎತ್ತಿ ಘನ ಭಾಗ ಮಾಡಲು, ಹೋದಾಗ ಪ್ರೊಫೈಲ್ ಮುಚ್ಚಿಲ್ಲ ಅನ್ನುತ್ತದೆ. ಎಳೆದು ನೋಡಿದರೆ ತುದಿಗಳು ಬೇರೆಯಾಗುತ್ತವೆ. ಗೆರೆಯ ಮೇಲೆ ಇನ್ನೊಂದು ಗೆರೆ ಕೂತಿರುವುದು, ಉದ್ದವೇ ಇಲ್ಲದಷ್ಟು ಸಣ್ಣ ತುಂಡು ಉಳಿದಿರುವುದು ಇದೇ ಜಾತಿಗೆ ಸೇರಿದವು. ಟ್ರಿಮ್ (ಗೆರೆ ಕತ್ತರಿಸುವ ಟೂಲ್) ಜಾಸ್ತಿ ಬಳಸಿದ ಸ್ಕೆಚ್‌ನಲ್ಲಿ ಇವನ್ನು ಹುಡುಕಿ. ಫ್ರೀಕ್ಯಾಡ್‌ನ ವ್ಯಾಲಿಡೇಟ್ ಸ್ಕೆಚ್ ಟೂಲ್ ಕೂಡದೆ ಉಳಿದ ತುದಿಗಳನ್ನು ಹುಡುಕಿ ಕೂಡಿಸಿಕೊಡುತ್ತದೆ.

ತಪ್ಪು ಸ್ಕೆಚ್‌ನ ಹೊರಗೆ ಇದ್ದರೆ

ಸ್ಕೆಚ್ ಮುಟ್ಟಿಯೇ ಇಲ್ಲ, ಆದರೂ ಎರರ್. ಆಗ ಹೊರಗಿನ ಆಧಾರ ನೋಡಿ. ರಂಧ್ರದ ಸ್ಥಾನವನ್ನು ಭಾಗದ ಅಂಚಿನಿಂದ ಅಳೆದಿದ್ದೀರಿ. ಹಿಂದಿನ ಹಂತಕ್ಕೆ ಹೋಗಿ ಆ ಅಂಚಿಗೆ ಫಿಲೆಟ್ ಹಾಕಿದ್ದೀರಿ, ಅಂದರೆ ಅದನ್ನು ಗುಂಡಗೆ ಮಾಡಿದ್ದೀರಿ. ಅಂಚೇ ಮಾಯ, ಅಳತೆ ಗಾಳಿಯಲ್ಲಿ ನೇತಾಡುತ್ತದೆ. ಕೆಲವೊಮ್ಮೆ ಅಂಚು ಇರುತ್ತದೆ, ಒಳಗಿನ ಅದರ ಹೆಸರು ಬದಲಾಗಿರುತ್ತದೆ. ಫ್ರೀಕ್ಯಾಡ್ ಬಳಸುವವರನ್ನು ಬಹುಕಾಲ ಕಾಡಿದ ಟೋಪೋಲಾಜಿಕಲ್ ನೇಮಿಂಗ್ ತೊಂದರೆ ಇದೇ. 2024ರ ನವೆಂಬರ್‌ನಲ್ಲಿ ಬಂದ 1.0 ಆವೃತ್ತಿಯಲ್ಲಿ ಅದನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ. ಸಾಧ್ಯವಾದಲ್ಲೆಲ್ಲ ಅಂಚಿಗಿಂತ ಒರಿಜಿನ್, ಮೂಲ ಪ್ಲೇನ್‌ಗಳಿಗೆ ಅಥವಾ ಮೊದಲ ಸ್ಕೆಚ್‌ಗೆ ಅಳತೆ ಕಟ್ಟುವುದು ಗಟ್ಟಿ. ಫಿಲೆಟ್‌ಗಳನ್ನು ಸ್ಕೆಚ್ ಒಳಗೆ ಹಾಕದೆ, ಕೊನೆಯಲ್ಲಿ ಘನ ಭಾಗದ ಮೇಲೆ ಹಾಕಿದರೆ ಇಂಥ ಎರರ್‌ಗಳೂ ಟ್ಯಾಂಜೆಂಟ್ ಜಗಳಗಳೂ ಒಟ್ಟಿಗೆ ಕಡಿಮೆಯಾಗುತ್ತವೆ.

ಡಿಎಕ್ಸ್‌ಎಫ್‌ನಿಂದ (ಕ್ಯಾಡ್ ಚಿತ್ರಗಳನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಫೈಲ್‌ನಿಂದ) ಬಂದ ಚಿತ್ರಗಳದ್ದು ಬೇರೆಯೇ ಲೋಕ. ಸಾಮಾನ್ಯವಾಗಿ ಗೆರೆಗಳು ಬರುತ್ತವೆ, ಕನ್‌ಸ್ಟ್ರೇಂಟ್‌ಗಳು ಬರುವುದಿಲ್ಲ. ನೂರಾರು ಫ್ರೀಡಂ ಇರುವ ಅಂಥ ಸ್ಕೆಚ್ಚನ್ನು ಪೂರ್ತಿ ಬಿಗಿ ಮಾಡಲು ಕೂರಬೇಡಿ. ಅದು ಬದಲಾಗುವ ಚಿತ್ರ ಅಲ್ಲದಿದ್ದರೆ ಒಟ್ಟಾರೆ ಬ್ಲಾಕ್ ಮಾಡಿ (ಅಲುಗದಂತೆ ಲಾಕ್ ಹಾಕಿ) ಹಾಗೇ ಬಳಸಿ. ಲಾಕ್ ಹಾಕಿದರೆ ನಾನು ತಕರಾರು ಮಾಡದ ಜಾಗ ಇದೊಂದೇ. ಬದಲಾಗಬೇಕು ಅಂತಿದ್ದರೆ ಅದನ್ನು ಕೆಳಗೆ ಇಟ್ಟುಕೊಂಡು, ಮೇಲೆ ಹೊಸ ಸ್ಕೆಚ್ ಎಳೆಯಿರಿ. ಬಂದ ಗೆರೆಗಳನ್ನು ರಿಪೇರಿ ಮಾಡುವುದಕ್ಕಿಂತ ಅದೇ ಬೇಗ ಮುಗಿಯುತ್ತದೆ.